ಶ್ರೀಮಾನ್ ಕಡಲೆಕಾಯಿಯವರ ಹೇಳಿಕೆ

ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ಕಾರ್ತಿಕ ಮಾಸದ ಎಳೆಬಿಸಿಲೆಂಬುದು, ಹೊಲದಿಂದ ಕಿತ್ತು ತಂದ ಕಡಲೆಕಾಯಿಯನ್ನು ಅಂಗಳದಲ್ಲಿ ಹರವಿ, ಅದರ ಪಕ್ಕದಲ್ಲೊಂದು ಮಣೆ ಹಾಕಿಕೊಂಡು ಕುಳಿತು, ಕಾಗೆಗಳನ್ನು ಓಡಿಸುವ ನೆಪದಲ್ಲಿ ಕಾಗೆಗಳಿಗಿಂತ ಹೆಚ್ಚಾಗಿ ತಾವೇ ತಿಂದು ಮುಗಿಸುವ ವಯೋವೃದ್ಧರ ಸೌಖ್ಯಕ್ಕಾಗಿಯೇ ಸೃಷ್ಟಿಯಾದುದೆಂದು ನಾನು ಬಹುಕಾಲದಿಂದ ನಂಬಿದ್ದೆನು. ಈ ವರ್ಷ ಆ ನಂಬಿಕೆಗೆ ಭಂಗ ಬಂದಿತು. ಮೆಲ್ಬರ್ನ್ ನಗರದಲ್ಲಿ ಸಂಸಾರ ಹೂಡಿರುವ ನನ್ನ ಮಗಳು ಹತ್ತು ತಿಂಗಳ ಕೂಸಿನೊಡನೆ ಬಂದಿಳಿದಳು. ಅವಳ ಪೆಟ್ಟಿಗೆಯಿಂದ ಮೊದಲು ಹೊರಬಿದ್ದುದು ಕೂಸಿನ ಬಟ್ಟೆಯಲ್ಲ, ಪೀನಟ್ ಬಟರ್ ಎಂಬ ಕೆನೆಬಣ್ಣದ ಲೇಹ್ಯವಿದ್ದ ಒಂದು ಸೀಸೆ. ಕಡಲೆಕಾಯಿ ಬೆಳೆಯುವ ಊರಿಗೆ ಸಮುದ್ರ ದಾಟಿ ಬಂದ ಆ ಕಡಲೆಕಾಯಿಯ ಮೈಮೇಲೆ ದಪ್ಪಕ್ಷರಗಳಲ್ಲಿ ಒಂದು ಎಚ್ಚರಿಕೆ ಬೇರೆ ಇದ್ದಿತು: ಇದರಲ್ಲಿ ಕಡಲೆಕಾಯಿ ಇದೆ.

ಸೀಸೆಯ ಹಿಂದೆಯೇ ಒಂದು ಕಾಗದವೂ ಹೊರಬಂದಿತು. ಕೂಸಿನ ಮೊಣಕೈ ಮಡಿಕೆಗಳಲ್ಲಿ ಇಸುಬು ಇದ್ದುದರಿಂದ ಅಲ್ಲಿನ ವೈದ್ಯರು ಚರ್ಮದ ಪರೀಕ್ಷೆ ನಡೆಸಿ, ಭಯಪಡಬೇಕಾದುದಿಲ್ಲವೆಂದು ತಿಳಿಸಿ, ಕಡಲೆಕಾಯಿಯನ್ನು ಮೊದಲ ಸಲ ತಿನ್ನಿಸುವ ವಿಧಿಯನ್ನು ಅದರಲ್ಲಿ ಬರೆದುಕೊಟ್ಟಿದ್ದರು. ಮಗುವಿಗೆ ನೆಗಡಿ ಜ್ವರಗಳಿಲ್ಲದ ದಿನವಾಗಿರತಕ್ಕದ್ದು, ಬೆಳಗಿನ ಹೊತ್ತಾಗಿರತಕ್ಕದ್ದು, ಚಮಚದ ತುದಿಯಷ್ಟನ್ನು ಬಿಸಿನೀರಿನಲ್ಲಿ ತೆಳ್ಳಗೆ ಕದಡಿ ನೆಕ್ಕಿಸತಕ್ಕದ್ದು, ಅನಂತರ ಗಡಿಯಾರ ಹಿಡಿದು ತುಟಿಯನ್ನೂ ಮೈಯನ್ನೂ ನೋಡುತ್ತಿರತಕ್ಕದ್ದು. ಇದೆಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡ ನನ್ನ ಸಹಧರ್ಮಿಣಿಯು, "ಎಲ್ಲಾ ಸರಿ ಕಣೆ, ರಾಹುಕಾಲ ಒಂದು ಬರೆಯೋದು ಮರೆತಿದ್ದಾರೆ ನಿಮ್ಮ ಡಾಕ್ಟ್ರು" ಎಂದಳು. ತಾಯಿ ಮಗಳ ನಡುವೆ ಅಂದಿನಿಂದ ಮಾತು ಕಡಿಮೆಯಾಯಿತು. ಇಬ್ಬರಲ್ಲಿ ಯಾರ ಪಕ್ಷ ವಹಿಸಿದರೂ ಊಟಕ್ಕೆ ತೊಂದರೆಯಾಗುವುದೆಂಬುದನ್ನು ಅರಿತಿದ್ದ ನಾನು, ವ್ಯಾಜ್ಯಕ್ಕೆ ಕಾರಣನಾದವನನ್ನೇ ವಿಚಾರಿಸುವುದು ಲೇಸೆಂದು ನಿಶ್ಚಯಿಸಿ, ರಾಶಿಯಲ್ಲಿ ಎರಡು ಬೀಜದ ಒಂದು ಗಟ್ಟಿಕಾಯನ್ನು ಆರಿಸಿ ಮಣೆಯ ಮೇಲಿಟ್ಟು, ಸಂದರ್ಶನವನ್ನು ಆರಂಭಿಸಿದೆನು.

ನಾನು: ಮೊದಲು ತಮ್ಮ ನಾಮಧೇಯ, ಕುಲ, ಸ್ಥಳ.

ಕಡಲೆಕಾಯಿ: ಹೆಸರು ಯಾವುದನ್ನು ಹೇಳಲಿ, ಸ್ವಾಮಿ? ತಮ್ಮ ಊರಿನಲ್ಲಿ ಕಳ್ಳೆಕಾಯಿ. ಧಾರವಾಡದ ಕಡೆ ಹೋದರೆ ಶೇಂಗಾ. ಮುಳಬಾಗಿಲಿನ ತೆಲುಗು ಮಾತಿನವರಿಗೆ ಶೆನಕ್ಕಾಯ. ಇಲ್ಲಿಂದ ಹೊಸೂರಿನ ಕಡೆಗೆ ಗಡಿ ದಾಟಿದೆನೆಂದರೆ ವೇರ್ಕಡಲೈ. ಶಾಸ್ತ್ರಜ್ಞರು ಇಟ್ಟಿರುವ ಅರಾಕಿಸ್ ಹೈಪೋಜಿಯ ಎಂಬ ಹೆಸರಿನ ಉತ್ತರಾರ್ಧಕ್ಕೆ ನೆಲದಡಿಯದು ಎಂದು ಅರ್ಥ. ಹೂವನ್ನು ಮಾತ್ರ ಲೋಕದ ಕಣ್ಣಿಗೆ ತೋರಿಸಿ, ಅನಂತರ ಊಡನ್ನು ಮಣ್ಣಿನೊಳಗೆ ಇಳಿಸಿ ಕಾಯಿ ಕಟ್ಟುವ ವಿನಯವಂತನು ನಾನು. ಇಂಗ್ಲಿಷರು ನನ್ನನ್ನು ನಟ್ ಎಂದು ಕರೆದುದರಿಂದಲೇ ಬಾದಾಮಿ ಗೋಡಂಬಿಗಳ ಪಂಕ್ತಿಯಲ್ಲಿ ನನ್ನನ್ನು ಕೂರಿಸಿ ವಿಚಾರಣೆ ನಡೆಸುತ್ತಾರೆ. ನಾನಾದರೋ ತೊಗರಿ, ಹುರುಳಿ, ಅಲಸಂದೆಗಳ ದಾಯಾದಿ.

ನಾನು: ಆದರೆ ತಾವು ಈ ನೆಲದವರಲ್ಲವಂತೆ?

ಕಡಲೆಕಾಯಿ: ದಕ್ಷಿಣ ಅಮೆರಿಕದವನು. ಮೆಣಸಿನಕಾಯಿಯೂ ಅಮೆರಿಕದ ಕಡೆಯಿಂದ ಬಂದುದೇ. ಅದನ್ನು ಯಾರೂ ಕೇಳುವುದಿಲ್ಲ. ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ನನ್ನ ಹೆಸರಿನಲ್ಲಿಯೇ ಪರಿಷೆ ಸೇರುವುದಷ್ಟೆ. ರೈತರ ಹೊಲಕ್ಕೆ ನುಗ್ಗಿ ನನ್ನನ್ನು ಕದ್ದು ತಿಂದ ಬಸವನಿಗೆ ಅಲ್ಲಿ ಗುಡಿಯಾಯಿತು, ಮಂಗಳಾರತಿಯಾಯಿತು; ಕಳವಾದ ನನಗೆ ಸೇರು ಪಾವುಗಳ ಅಳತೆ ಬಿಟ್ಟರೆ ಬೇರೆ ಮರ್ಯಾದೆ ದೊರೆಯಲಿಲ್ಲ. ಇರಲಿ, ಆ ಪರಿಷೆಗೆ ಮಾಲೂರು ಸೀಮೆಯಿಂದ ಗಾಡಿಗಟ್ಟಲೆ ಹೋಗುತ್ತಿದ್ದ ಕಾಲವೊಂದಿತ್ತು. ಈಗ ನನ್ನ ಕೆಂಪು ನೆಲದಲ್ಲಿ ನೀಲಗಿರಿ ಮರಗಳು ನಿಂತಿವೆ, ಉಳಿದ ಮಣ್ಣು ಹೆಂಚಿಗೂ ಇಟ್ಟಿಗೆಗೂ ಹೋಗುತ್ತಿದೆ.

ವಿಷಯ ಬೇಸಾಯದ ಕಷ್ಟಸುಖಗಳ ಕಡೆಗೆ ಹೊರಳಿದರೆ ಸಂಜೆಯವರೆಗೆ ಮುಗಿಯದೆಂಬುದನ್ನು ಅನುಭವದಿಂದ ಬಲ್ಲ ನಾನು ದೋಷಾರೋಪಣೆಯನ್ನೇ ಮುಂದಿಟ್ಟೆನು.

ನಾನು: ಎಳೆಯ ಮಕ್ಕಳ ಪ್ರಾಣಕ್ಕೆ ಎರವಾಗುತ್ತೀರೆಂದು ಪಾಶ್ಚಾತ್ಯ ದೇಶಗಳಲ್ಲಿ ತಮ್ಮ ಮೇಲೆ ದೂರು ಇದೆ. ತಾವು ಒಪ್ಪುವಿರಾ?

ಕಡಲೆಕಾಯಿ: ಅಲ್ಲಗಳೆಯುವುದಿಲ್ಲ. ನನ್ನೊಳಗಿನ ಪ್ರೋಟೀನುಗಳಲ್ಲಿ ಕೆಲವನ್ನು ಕೆಲವು ಮಕ್ಕಳ ದೇಹವು ಶತ್ರುವೆಂದೇ ಭ್ರಮಿಸುತ್ತದೆ. ಮೈಮೇಲೆ ದದ್ದು ಏಳುವುದು, ತುಟಿ ಬಾಯುವುದು, ವಾಂತಿಯಾಗುವುದು, ವಿಷಮಿಸಿದರೆ ಉಸಿರೇ ಕಟ್ಟುವುದು. ಆಗ ಅಡ್ರಿನಲಿನ್ ಚುಚ್ಚುಮದ್ದಲ್ಲದೆ ಬೇರೆ ಗತಿಯಿಲ್ಲ. ಇದು ನಗೆಯ ಮಾತಲ್ಲ. ನಗೆಯ ಮಾತು ಇರುವುದು ಮುಂದೆ. 1998ರಲ್ಲಿ ಬ್ರಿಟನ್ನಿನವರೂ 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯವರೂ, ವಂಶದಲ್ಲಿ ಅಲರ್ಜಿಯುಳ್ಳ ಮನೆಗಳ ಕೂಸುಗಳಿಗೆ ಮೂರು ವರ್ಷ ತುಂಬುವವರೆಗೆ ನನ್ನ ಮುಖವನ್ನೇ ತೋರಿಸಬಾರದೆಂದರು. ದೊಡ್ಡವರು ಹೇಳಿದುದನ್ನು ತಾಯಂದಿರು ನಡೆಸಿದರು. ನನ್ನನ್ನು ಮನೆಯಿಂದ ಹೊರಗೆ ಹಾಕಿದಷ್ಟೂ ದೂರು ಕಡಿಮೆಯಾಗಬೇಕಲ್ಲವೆ? ಹೆಚ್ಚಿತು. 2008ರಲ್ಲಿ ಅಮೆರಿಕದವರು ಆ ಮಾತನ್ನು ಹಿಂತೆಗೆದುಕೊಂಡರು.

ನಾನು: ತಮ್ಮ ಪರವಾಗಿ ಸಾಕ್ಷಿ ನುಡಿದವರು ಯಾರು?

ಕಡಲೆಕಾಯಿ: ಲಂಡನ್ನಿನ ಗಿಡಿಯನ್ ಲ್ಯಾಕ್ ಎಂಬ ವೈದ್ಯರು. ಒಂದೇ ಯೆಹೂದಿ ಮೂಲದ ಮಕ್ಕಳು ಬ್ರಿಟನ್ನಿನಲ್ಲಿಯೂ ಇಸ್ರೇಲಿನಲ್ಲಿಯೂ ಇರುವುದನ್ನು ಕಂಡು, ಎರಡು ಕಡೆಯೂ ಲೆಕ್ಕ ಹಾಕಿದರು. ಬ್ರಿಟನ್ನಿನವರಲ್ಲಿ ಶೇಕಡ 1.85 ಮಂದಿಗೆ ನನ್ನ ಮೇಲೆ ಮುನಿಸು; ಇಸ್ರೇಲಿನವರಲ್ಲಿ ಶೇಕಡ 0.17. ಕಾರಣ ಹುಡುಕಿದರೆ, ಇಸ್ರೇಲಿನ ಕೂಸುಗಳು ಹಲ್ಲು ಮೂಡುವ ವಯಸ್ಸಿನಲ್ಲಿಯೇ ಬಾಂಬಾ ಎಂಬ, ಬಾಯಲ್ಲಿಟ್ಟರೆ ಕರಗುವ ಕಡಲೆಕಾಯಿ ತಿಂಡಿಯನ್ನು ಚೀಪುತ್ತಿದ್ದುವು. ಅಷ್ಟಕ್ಕೇ ತೃಪ್ತರಾಗದೆ, ನಾಲ್ಕರಿಂದ ಹನ್ನೊಂದು ತಿಂಗಳ 640 ಕೂಸುಗಳನ್ನು, ಇಸುಬು ಬಲವಾಗಿದ್ದವನ್ನೂ ಮೊಟ್ಟೆ ಒಗ್ಗದವನ್ನೂ ಹುಡುಕಿ ತಂದು, ಅರ್ಧಕ್ಕೆ ನನ್ನನ್ನು ಉಣ್ಣಿಸಿ, ಇನ್ನರ್ಧದಿಂದ ನನ್ನನ್ನು ಬಚ್ಚಿಟ್ಟು, ಐದು ವರ್ಷ ತುಂಬುವವರೆಗೆ ಕಾದರು. 2015ರಲ್ಲಿ ತೀರ್ಪು ಬಂದಿತು. ಮೊದಲು ಚರ್ಮದ ಪರೀಕ್ಷೆಯಲ್ಲಿ ಏನೂ ತೋರದಿದ್ದ ಕೂಸುಗಳ ಪೈಕಿ, ಬಚ್ಚಿಟ್ಟ ಕಡೆ ಶೇಕಡ 13.7 ಮಂದಿಗೆ ಅಲರ್ಜಿ. ಉಣಿಸಿದ ಕಡೆ ಶೇಕಡ 1.9.

ನಾನು: ತಿಂದವರಿಗೆ ಬಾರದ ರೋಗ ತಿನ್ನದವರಿಗೆ ಬಂದುದು ಹೇಗೆ?

ಕಡಲೆಕಾಯಿ: ಮನೆಯ ಹೆಬ್ಬಾಗಿಲಿನಿಂದ ಬಂದವನನ್ನು ನೆಂಟನೆಂದು ಮಣೆ ಹಾಕಿ ಕೂರಿಸುವಿರಿ, ಅವನೇ ಹಿತ್ತಿಲ ಗೋಡೆ ಹಾರಿ ಬಂದರೆ ದೊಣ್ಣೆ ಹಿಡಿಯುವಿರಿ. ಬಾಯಿ ಹೆಬ್ಬಾಗಿಲು. ಇಸುಬಿನಿಂದ ಬಿರಿದ ಚರ್ಮವು ಕುಸಿದ ಹಿತ್ತಿಲ ಗೋಡೆ. ನನ್ನನ್ನು ಕೂಸಿನ ಬಾಯಿಗೆ ಇಡದಿದ್ದರೂ, ತಿಂದ ದೊಡ್ಡವರ ಕೈಯಿಂದ, ಮನೆಯ ಧೂಳಿನಿಂದ ನನ್ನ ಕಣ ಅದರ ಮೈಯನ್ನು ಸೇರಿಯೇ ಸೇರುವುದು. ನೆಂಟನಾಗಿ ಪರಿಚಯವಾಗುವ ಮೊದಲೇ ಕಳ್ಳನಾಗಿ ಸಿಕ್ಕಿಬಿದ್ದೆನೆಂದರೆ ಆಮೇಲೆ ಯಾರು ನಂಬುತ್ತಾರೆ?

ಮೊರದಲ್ಲಿ ಕಾಯಿ ಕೇರುತ್ತ ಅಷ್ಟು ಹೊತ್ತೂ ಕೇಳದವಳಂತೆ ಕೇಳುತ್ತಿದ್ದ ನನ್ನ ಸಹಧರ್ಮಿಣಿ ಇಲ್ಲಿ ಬಾಯಿ ಹಾಕಿದಳು. "ನೆಂಟ ಬಾಗಿಲಲ್ಲೇ ಬರ್ಬೇಕು ಅನ್ನೋಕೆ ಆರ್ನೂರ ನಲವತ್ತು ಕೂಸು ಬೇಕಾಯ್ತಾ ಅವರಿಗೆ? ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ. ಇವಳಿಗೂ ಸರಿಯಲ್ಲಿ ಕಳ್ಳೆಬೀಜ ಅರೆದು ಹಾಕೇ ಸಾಕಿದ್ದು."

ಕಡಲೆಕಾಯಿ: ಅಮ್ಮಾ, ತಾವು ಅರೆದು ಹಾಕಿದಿರಿ, ಸಂತೋಷ. ಆದರೆ ಗೊತ್ತಿದ್ದು ಹಾಕಿದಿರೆಂದು ಹೇಳಬೇಡಿ; ಮನೆಯಲ್ಲಿ ಇದ್ದುದು ನಾನೊಬ್ಬನೇ ಆದುದರಿಂದ ಹಾಕಿದಿರಿ. ಭಾರತದಲ್ಲಿ ಮಕ್ಕಳನ್ನು ಪರೀಕ್ಷಿಸಿದ ಒಂದು ಸಮೀಕ್ಷೆಯಲ್ಲಿ ಯಾವುದಾದರೊಂದು ಆಹಾರದ ಅಲರ್ಜಿ ಇರಬಹುದೆಂದು ತೋರಿದವರು ಶೇಕಡ 0.14 ಮಾತ್ರ ಎಂಬುದು ನಿಜ. ಬೆಂಗಳೂರು ಮೈಸೂರುಗಳ ವಯಸ್ಕರ ವರದಿಯೊಂದು 2016ರಲ್ಲಿ ಬಂದಿತು. ಅವರಲ್ಲಿ ಶೇಕಡ 26.5 ಮಂದಿಯ ರಕ್ತದಲ್ಲಿ ಯಾವುದೋ ಆಹಾರದ ವಿರುದ್ಧ ಪ್ರತಿಕಾಯವಿದ್ದಿತು. ಅಲರ್ಜಿಯಾಗಿ ಕಾಣಿಸಿಕೊಂಡುದು ಶೇಕಡ 1.2ರಷ್ಟು. ಮುಂದಿನ ಸಾಲಿನ ಆಪಾದಿತರು ನಾನಲ್ಲ, ಹಾಲು ಮತ್ತು ಸೇಬು. ಅಲರ್ಜಿ ಹೀಗೆ ಕಡಿಮೆಯಿರುವುದು ನಮ್ಮ ಅರೆಯುವ ಕಲ್ಲಿನ ಮಹಿಮೆಯೋ, ಅಂಗಳದ ದನಕರುಗಳ ಧೂಳಿನದೋ, ನಿರ್ಧರಿಸಿ ಹೇಳುವವರಿಲ್ಲ. ಬೇಯಿಸಿ ತಿನ್ನುವುದರಿಂದ ಸೌಮ್ಯನಾಗುತ್ತೇನೆ, ಒಣದಾಗಿ ಹುರಿದರೆ ಉಗ್ರನಾಗುತ್ತೇನೆ ಎನ್ನುವವರೂ ಉಂಟು; ಆದರೆ ಪರಿಷೆಯಲ್ಲಿ ಎರಡು ಬಗೆಯೂ ಮಾರುವುದನ್ನು ತಾವು ಕಂಡಿದ್ದೀರಿ. ತಮ್ಮ ಮಗಳ ಊರಿನ ಮಾತು ಕೇಳಿ: ಆಸ್ಟ್ರೇಲಿಯಾದಲ್ಲಿ ಏಷ್ಯಾದ ತಂದೆತಾಯಿಗಳಿಗೆ ಹುಟ್ಟಿದ ಮಕ್ಕಳಲ್ಲಿ ನನ್ನ ಅಲರ್ಜಿ ಅಲ್ಲಿನವರ ಮಕ್ಕಳಿಗಿಂತಲೂ ಹೆಚ್ಚಾಗಿ ಕಂಡಿದೆ, ಏಷ್ಯಾದಲ್ಲಿಯೇ ಹುಟ್ಟಿ ಆಮೇಲೆ ಹೋದ ಮಕ್ಕಳಲ್ಲಿ ಕಡಿಮೆ. ಬೀಜ ಅದೇ, ಹೊಲ ಬೇರೆ. ಆದುದರಿಂದ ಆ ಕಾಗದವನ್ನು ನೋಡಿ ನಗಬೇಡಿ.

ಸಹಧರ್ಮಿಣಿ ಮೊರವನ್ನು ಒಂದೆರಡು ಸಲ ಜೋರಾಗಿ ಕೇರಿದಳು. ನನಗೆ ಒಳಗೊಳಗೆ ಸಂತೋಷವಾದುದನ್ನು ಬರೆಯಬೇಕೋ ಬೇಡವೋ ತಿಳಿಯದು.

ನಾನು: ಹಾಗಾದರೆ ನಮ್ಮ ಹಳ್ಳಿಯಲ್ಲಿ ತಾವು ನಿರಪರಾಧಿಗಳೋ?

ಕಡಲೆಕಾಯಿ: ಎಲ್ಲಿ ಬಂತು, ಸ್ವಾಮಿ! ಇಲ್ಲಿ ನಾನು ಮಾಡುವ ಅನಾಹುತ ಬೇರೆ. ಅಳುವ ಮಗುವಿನ ಬಾಯಿಗೆ ಬಸ್ಸಿನಲ್ಲಿ, ಜಾತ್ರೆಯಲ್ಲಿ, ಇಡಿಯ ಬೀಜವನ್ನು ತುರುಕುವರಲ್ಲ, ಆಗ ನಗುತ್ತಲೋ ಅಳುತ್ತಲೋ ಅದು ಉಸಿರೆಳೆದುಕೊಂಡರೆ ನಾನು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿದುಬಿಡುತ್ತೇನೆ. ಅಲ್ಲಿಂದ ನನ್ನನ್ನು ನಳಿಕೆ ಇಳಿಸಿ ತೆಗೆಯಬಲ್ಲ ವೈದ್ಯರು ಲಕ್ಕೂರಿನ ಬೀದಿಯಲ್ಲಿ ಕುಳಿತಿರುವುದಿಲ್ಲ. ಐದು ವರ್ಷ ತುಂಬದ ಮಗುವಿಗೆ ಇಡಿಯ ಬೀಜ ಕೂಡದು. ಈ ಸೀಸೆಯ ಲೇಹ್ಯವನ್ನಾದರೂ ಉಂಡೆಯಾಗಿ ಇಡಕೂಡದು, ಗಂಟಲಿಗೆ ಮೆತ್ತಿಕೊಳ್ಳುತ್ತದೆ. ಇನ್ನು ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ನನ್ನ ಬಂಧುಗಳ ವಿಷಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿಕೋಳಿಗಳು ಸತ್ತು, ಕಾರಣ ಹುಡುಕಿದರೆ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯ ಬೂಷ್ಟು. ಅಫ್ಲಟಾಕ್ಸಿನ್ ಎಂಬ ವಿಷದ ಹೆಸರು ಲೋಕಕ್ಕೆ ತಿಳಿದುದೇ ಆಗ. ಕಹಿಯಾದ ಬೀಜವನ್ನು ಉಗುಳುವ ತಮ್ಮ ಅಭ್ಯಾಸ ಒಳ್ಳೆಯದು. ಕೂಸಿಗೆ ಅರೆಯುವಾಗ ಆ ಕಹಿ ತಿಳಿಯುವುದಿಲ್ಲವಾದ್ದರಿಂದ ಮೊದಲೇ ಆರಿಸಬೇಕು.

ನಾನು: ತಮ್ಮ ಸಹ ಆಪಾದಿತರ ವಿಷಯವಾಗಿ ಏನಾದರೂ?

ಕಡಲೆಕಾಯಿ: ಮೊಟ್ಟೆ, ಹಾಲು, ಗೋದಿ, ಮೀನು, ಎಳ್ಳು, ಗೋಡಂಬಿ, ಎಲ್ಲರೂ ನನ್ನ ಹಾಗೆಯೇ ಒಬ್ಬೊಬ್ಬರಾಗಿ ಪರಿಚಯವಾಗಬೇಕಾದವರು. ಎಲ್ಲರನ್ನೂ ಒಂದೇ ದಿನ ಕರೆದರೆ ಗಲಾಟೆ ಮಾಡಿದವನು ಯಾರೆಂದು ತಿಳಿಯುವುದಿಲ್ಲ. ಆದರೆ ಒಂದು ಅಸೂಯೆಯ ಮಾತನ್ನು ಆಡಲೇಬೇಕು. ಶ್ರೀನಿವಾಸಪುರದ ಮಾವಿನ ಸೊನೆ ತಗುಲಿ ಪ್ರತಿ ಬೇಸಗೆಯಲ್ಲಿ ಎಷ್ಟು ಮಕ್ಕಳ ತುಟಿ ಸುಡುವುದಿಲ್ಲ? ಗೋಡಂಬಿಯ ಕುಲಬಾಂಧವನಾದ ಆ ಮಹಾಶಯನಿಗೆ ಮಾತ್ರ ರಾಜನೆಂಬ ಬಿರುದು.

ನಾನು: ಮಕ್ಕಳಿಗೆ ತಾವು ಸಲ್ಲಿಸಿದ ಸೇವೆ?

ಈ ಪ್ರಶ್ನೆಗೆ ಕಾಯಿ ಕೊಂಚ ಹೊತ್ತು ಸುಮ್ಮನಿದ್ದಿತು.

ಕಡಲೆಕಾಯಿ: ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆಹಾರ ಸಂಶೋಧನಾಲಯ ತೆರೆಯಿತು. ಸುಬ್ರಹ್ಮಣ್ಯನ್ ಎಂಬವರು ಮೊದಲ ನಿರ್ದೇಶಕರು. ಅಲ್ಲಿ ಎಣ್ಣೆ ತೆಗೆದ ನನ್ನ ಹಿಟ್ಟು ಮೂರು ಪಾಲು, ಹುರಿಗಡಲೆ ಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವ ಸೇರಿಸಿ, ಬಡಮಕ್ಕಳಿಗೆಂದು ಬಹೂಪಯೋಗಿ ಆಹಾರವನ್ನು ಮಾಡಿದರು. ಅನಂತರ ನನ್ನ ಪ್ರೋಟೀನನ್ನು ಹಾಲಿಗೆ ಬೆರೆಸಿ ಮಿಲ್ಟೋನ್ ಎಂದರು. ಬೆಂಗಳೂರಿನ ಡೈರಿಯಲ್ಲಿ ತಯಾರಾಗುತ್ತಿತ್ತು. ಬಡವರದೆಂದು ಹೇಳಿ ಕೊಟ್ಟುದನ್ನು ಬಡವರೂ ಇಷ್ಟಪಡುವುದಿಲ್ಲ, ಸ್ವಾಮಿ. ಈಚೆಗೆ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದಿದ್ದರು. 2025ರಲ್ಲಿ ನನ್ನಲ್ಲಿ ಕೊಬ್ಬು, ನನ್ನ ಜೊತೆಗಾರನಲ್ಲಿ ಸಕ್ಕರೆ ಹೆಚ್ಚಾಯಿತೆಂದು ಚಿಕ್ಕಿಯನ್ನು ಕೈಬಿಟ್ಟರು. ಅದೇ ನಾನು ಸೀಸೆಗೆ ಇಳಿದು, ಮುಚ್ಚಳ ತಿರುಪಿಕೊಂಡು, ವಿಮಾನ ಹತ್ತಿ ಬಂದರೆ ಧನಿಕರ ಕೂಸುಗಳು ಔಷಧದಂತೆ ಅಳೆದು ನೆಕ್ಕುತ್ತವೆ. ಹಸಿದವನಿಗೆ ದಾನ, ಉಂಡವನಿಗೆ ಮದ್ದು; ಹಸಿವನ್ನು ಹಸಿವೆಂದು ಕರೆದು ನನ್ನನ್ನು ಊಟವೆಂದು ಬಡಿಸಿದವರು ಈ ಅಮ್ಮನಂಥವರು ಮಾತ್ರ.

ಸಹಧರ್ಮಿಣಿಯ ಮುಖ ಅರಳಿತು. ಆ ಲಂಡನ್ನಿನವರು ಎಷ್ಟು ತಿನ್ನಿಸಿದರಂತೆ ಎಂದು ಕೇಳಿದಳು. ವಾರಕ್ಕೆ 6 ಗ್ರಾಂ ಪ್ರೋಟೀನಿನ ಲೆಕ್ಕದಲ್ಲಿ, ಮೂರು ಅಥವಾ ಹೆಚ್ಚು ಸಲ ಹಂಚಿ. ಒಂದು ದಿನ ನೆಕ್ಕಿಸಿ ಮರೆತರೆ ಫಲವಿಲ್ಲ ಎಂದು ಕಾಯಿ ಉತ್ತರ ಕೊಟ್ಟಿತು. "ಮೂರು ಸಲ ಚಟ್ನಿ ಹೇಗೂ ಆಗುತ್ತೆ ಬಿಡು" ಎಂದು ಅವಳು ಎದ್ದು, ರಾಶಿಯಿಂದ ಒಂದು ಬೊಗಸೆಯನ್ನೂ ಮಣೆಯ ಮೇಲಿದ್ದ ನನ್ನ ಮಾತುಗಾರನನ್ನೂ ಒಟ್ಟಿಗೆ ಬಾಚಿಕೊಂಡು ಒಳಗೆ ಹೋದಳು. ಇನ್ನೂ ಕೇಳಬೇಕಾದ ಎರಡು ಪ್ರಶ್ನೆಗಳು ನನ್ನ ಪುಸ್ತಕದಲ್ಲಿ ಹಾಗೆಯೇ ಉಳಿದುವು.

ಮರುದಿನ ಬೆಳಗ್ಗೆ ರಾಜಿಯಾಯಿತು. ತಾಯಿ ಬೀಜವನ್ನು ಆರಿಸಿ, ಹುರಿದು, ಸಿಪ್ಪೆ ತೆಗೆದು, ನೀರು ಬಿಟ್ಟು ನುಣ್ಣಗೆ ಅರೆದುಕೊಟ್ಟಳು. ಮಗಳು ಕಾಗದದಲ್ಲಿದ್ದಂತೆ ಚಮಚದ ತುದಿಯಷ್ಟನ್ನು ಅಳೆದು ಕೂಸಿನ ತುಟಿಗೆ ಸವರಿದಳು. ಗಡಿಯಾರ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತು. ಕೂಸು ಮುಖ ಕಿವಿಚಿ, ಚಪ್ಪರಿಸಿ, ಮತ್ತೆ ಬಾಯಿ ತೆರೆಯಿತು. ಗಡಿಯಾರ ನೋಡುತ್ತಿದ್ದ ನಾನು ತಲೆಯೆತ್ತುವಷ್ಟರಲ್ಲಿ ಅದು ಅಂಬೆಗಾಲಿಟ್ಟು ಅಂಗಳದ ರಾಶಿಯನ್ನು ಸೇರಿತ್ತು. ಮೂವರೂ ಓಡಿಹೋಗಿ ಅದರ ಮುಷ್ಟಿಯನ್ನು ಬಿಡಿಸಿ ನೋಡಿದರೆ ಒಳಗೆ ಒಂದು ಒಡಕು ಸಿಪ್ಪೆ.

ಮೆಲ್ಬರ್ನಿನ ಸೀಸೆಯನ್ನು ಆಮೇಲೆ ಯಾರೂ ಕೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಮುಚ್ಚಳ ತೆಗೆದು, ಉಳಿದಿದ್ದ ರಾಗಿ ರೊಟ್ಟಿಗೆ ಹಚ್ಚಿಕೊಂಡು ತಿಂದೆನು. ಮೇಲೆ ಬರೆದಿದ್ದುದು ನಿಜ. ಅದರಲ್ಲಿ ಕಡಲೆಕಾಯಿ ಇದೆ.