ನಾಯಿ ಇಲ್ಲ, ಎಚ್ಚರಿಕೆ!

ನಮ್ಮನೆ ಕರಿಯನದು ಮುಧೋಳ ತಳಿ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರ ಹಾಕಿ ಅಂಚೆಚೀಟಿ ಹೊರಡಿಸಿತ್ತು. ಅಂಟಿಸಿದ ಕಡೆ ಕೂತ ಮುಧೋಳ ನಾಯಿ ಅದೊಂದೇ ಇರಬೇಕು.

ಬೇಟೆಗೆಂದೇ ಬೆಳೆಸಿದ ಜಾತಿ, ಮೊಲ ಕಂಡರೆ ಬಿಡದು. ನಮ್ಮ ಬಡಾವಣೆಯಲ್ಲಿ ಮೊಲವೆಲ್ಲಿ? ಪೇಪರ್ ಹುಡುಗನ ಸೈಕಲ್ಲೇ ಮೊಲ. ಹಾಲಿನವನು ಗೇಟಿನ ಚಿಲಕ ಸರಿಸಿ ಪ್ಯಾಕೆಟ್ಟು ಇಡಲು ಬಗ್ಗಿದನೋ, ಅವನ ಕಾಲ ಸಂದಿಯಿಂದ ಕರಿಯ ಮಂಗಮಾಯ. ಹಿಂದೆ ನಾನು, ಪಂಚೆ ಎತ್ತಿ ಕಟ್ಟಿಕೊಂಡು, ಒಂದು ಕಾಲಿಗೆ ನನ್ನ ಹವಾಯಿ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು. "ಏನ್ ಸಾರ್, ವಾಕಿಂಗಾ?" ಅಂತಾರೆ ಎದುರುಮನೆಯವರು. ಹೌದು ಅನ್ನದೆ ಇನ್ನೇನು ಹೇಳಲಿ?

"ಅಟ್ಟಿಸಿಕೊಂಡು ಹೋಗಬೇಡಿ, ಅದು ಆಟ ಅಂದ್ಕೊಳ್ಳುತ್ತೆ. ನೀವೇ ತಿರುಗಿ ಉಲ್ಟಾ ಓಡಿ, ಹಿಂದೆ ಬರುತ್ತೆ" ಎಂದರು ಪಶುವೈದ್ಯರು. ಓಡಿದೆ. ಬಂತು, ಸುಳ್ಳಲ್ಲ. ಜೊತೆಗೆ ಬೀದಿಯ ನಾಲ್ಕು ನಾಯಿಗಳೂ ಬಂದವು.

ಕೊನೆಗೆ ಕೊರಳಪಟ್ಟಿಗೆ ನನ್ನ ಫೋನ್ ನಂಬರ್ ಬರೆದ ಬಿಲ್ಲೆ ಕಟ್ಟಿಸಿದೆ. ಮೊನ್ನೆ ಕರೆ ಬಂತು: "ಸಾರ್, ನಿಮ್ಮ ನಾಯಿ ನಮ್ಮ ಬೇಕರಿ ಮುಂದಿದೆ. ಮೂರು ಬನ್ನಿನ ದುಡ್ಡು ಕೊಟ್ಟು ಕರ್ಕೊಂಡು ಹೋಗಿ."