ಕೊಲೆಗಾರನಿಗೆ ಟಿನ್ ಫ್ಯಾಕ್ಟರಿ ಗೊತ್ತಿಲ್ಲ

ಬೆಂಗಳೂರಿನ ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರದ ಕಡೆ ಹೊರಟರೆ ಬೋಗಿಯಲ್ಲಿ ಓದುವ ಜನ ಎರಡೇ ಪಂಥದವರು: ಪ್ರೇಮದವರು, ಕೊಲೆಯವರು. ನಾನು ಎರಡೂ ದೇವರಿಗೆ ನಡೆದುಕೊಳ್ಳುವವನು. ಹಾಗಾಗಿ ಬೈಯುವ ಹಕ್ಕೂ ನನಗಿದೆ.

ಮೊದಲು ಪ್ರೇಮ. ಕನ್ನಡದ ಪ್ರೇಮಕಥೆ ಈಗ ಹೆಚ್ಚಾಗಿ ಉಸಿರಾಡುವುದು ಮೊಬೈಲಿನಲ್ಲಿ, 2014ರಲ್ಲಿ ಶುರುವಾದ ಬೆಂಗಳೂರಿನದೇ ಪ್ರತಿಲಿಪಿಯಂಥ ಕಥೆಗಳ ಆ್ಯಪ್‌ಗಳಲ್ಲಿ. ನಾಯಕ ಕೋಟ್ಯಧಿಪತಿ, ಸಿಇಒ, ಮೂಗಿನ ತುದಿಯಲ್ಲೇ ಕೋಪ. ಅವನ ಕಂಪನಿ ಮಾಡುವುದು ಸಾಫ್ಟ್‌ವೇರೋ ಸಾಂಬಾರ್ ಪುಡಿಯೋ ನೂರು ಕಂತು ಕಳೆದರೂ ತಿಳಿಯುವುದಿಲ್ಲ. ಅವನು ಆಫೀಸಿನಲ್ಲಿ ಮಾಡುವ ಕೆಲಸ ಒಂದೇ, ಟೈ ಸಡಿಲಿಸುವುದು. ಏನೋ ಕಾರಣಕ್ಕೆ ಬಡವರ ಮನೆ ಹುಡುಗಿಯ ಜೊತೆ ಒಂದು ವರ್ಷದ ಒಪ್ಪಂದದ ಮದುವೆಯಾಗುತ್ತದೆ. ಇಂದಿರಾನಗರದಲ್ಲಿ ಬಾಡಿಗೆ ಕರಾರೇ 11 ತಿಂಗಳಿಗೆ. ಮದುವೆಗೆ ಪೂರ್ತಿ ಒಂದು ವರ್ಷ ಅಂದರೆ ಆತ ಧಾರಾಳಿಯೇ ಸರಿ.

ಇಂಗ್ಲಿಷ್ ಪ್ರೇಮಕಾದಂಬರಿಯ ನಾಯಕಿ 100 ಅಡಿ ರಸ್ತೆಯ ಹಿಂದಿನ ಬೀದಿಯಲ್ಲಿ ಒಬ್ಬಳೇ ಇರುತ್ತಾಳೆ. ಬಾಲ್ಕನಿ ತುಂಬ ಬೋಗನ್‌ವಿಲ್ಲಾ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರು ಯಾರು? ‘ವೆಜ್ಜಾ? ಬ್ಯಾಚುಲರ್ಸ್‌ಗೆ ಕೊಡಲ್ಲಮ್ಮ’ ಎನ್ನುವ ಓನರ್ ಅಂಕಲ್ ಎಲ್ಲಿ ಹೋದರು? ಪ್ರೇಮ ಮುರಿದು ಬಿದ್ದ ಮೇಲೆ ಅವಳ ಕಣ್ಣೀರಿಗೆ ಮೂರು ಅಧ್ಯಾಯ ಮೀಸಲು. ಪೇಂಟಿಂಗ್ ಅಂತ ಮುರಿದುಕೊಂಡ ಒಂದು ತಿಂಗಳ ಬಾಡಿಗೆಗೆ ಒಂದು ಸಾಲೂ ಇಲ್ಲ. ನಾನು ಅಳುತ್ತಿದ್ದದ್ದು ಅಲ್ಲಿ.

ಇನ್ನು ಕೊಲೆ. 2012ರಲ್ಲಿ ‘ಗಾನ್ ಗರ್ಲ್’ ಬಂತು, 2015ರಲ್ಲಿ ‘ದಿ ಗರ್ಲ್ ಆನ್ ದಿ ಟ್ರೈನ್’. ಆಮೇಲೆ ಥ್ರಿಲ್ಲರ್‌ನ ಮುಖಪುಟದಲ್ಲಿ ಒಬ್ಬ ಹುಡುಗಿ ಬೆನ್ನು ತಿರುಗಿಸಿ ನಿಂತರೆ ಅರ್ಧ ಪ್ರತಿ ಖರ್ಚಾದ ಹಾಗೆ. ಆ ಟ್ರೈನಿನ ಹುಡುಗಿ ಲಂಡನ್ನಿಗೆ ಹೋಗುವಾಗ ಕಿಟಕಿಯಿಂದ ಹಳಿ ಪಕ್ಕದ ಮನೆಗಳನ್ನು ನೋಡಿ ನೋಡಿಯೇ ಕಥೆಗೆ ಸಿಕ್ಕಿಹಾಕಿಕೊಂಡಳು. ನಮ್ಮ ಮೆಟ್ರೊ ಕೂಡ 2011ರ ಅಕ್ಟೋಬರಿನಿಂದ ಸಿಎಂಎಚ್ ರಸ್ತೆಯ ಮನೆಗಳ ಮಹಡಿಗೆ ಸಮನಾಗಿ ಓಡುತ್ತಿದೆ. ಒಣಹಾಕಿದ ಲುಂಗಿ, ಬಾಲ್ಕನಿಯ ಜಗಳ, ಎಲ್ಲ ಕೈಗೆಟಕುವಷ್ಟು ಹತ್ತಿರ. ಯಾರೂ ಏನನ್ನೂ ಕಂಡಿಲ್ಲ, ಬೋಗಿಗೆ ಬೋಗಿಯೇ ತಲೆ ತಗ್ಗಿಸಿ ಥ್ರಿಲ್ಲರ್ ಓದುತ್ತಿರುತ್ತದೆ.

ಅಪಾರ್ಟ್‌ಮೆಂಟ್ ಕೊಲೆಯಂತೂ ಶುದ್ಧ ಪುರಾಣ. ಗೇಟಿನ ಸೆಕ್ಯುರಿಟಿ ಕೊಲೆಗಾರನ ಫೋಟೊ ಹಿಡಿದು, ಫ್ಲಾಟ್ ನಂಬರ್ ಕೇಳಿ, ಆ್ಯಪ್‌ನಲ್ಲಿ ಸತ್ತುಹೋಗಲಿರುವವಳ ಅನುಮತಿ ಪಡೆದೇ ಒಳಗೆ ಬಿಡಬೇಕು. ಅಷ್ಟೂ ಆಗಿ ಕೆಲಸ ಮುಗಿಸಿದ ಅಂತಲೇ ಇಟ್ಟುಕೊಳ್ಳಿ. ಕಾದಂಬರಿಯಲ್ಲಿ ಹತ್ತೇ ನಿಮಿಷಕ್ಕೆ ಊರು ದಾಟುತ್ತಾನೆ. ಸಂಜೆ ಆರೂವರೆಗೆ ಹಳೆ ಮದ್ರಾಸ್ ರಸ್ತೆ ಹಿಡಿದು ನೋಡಲಿ. ಪೊಲೀಸರು ಟೀ ಕುಡಿದು, ಠಾಣೆಯಿಂದ ನಡೆದುಕೊಂಡೇ ಬಂದು, ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ನಿಂತ ಕಾರಿನ ಗಾಜು ತಟ್ಟಿ ಕರೆದುಕೊಂಡು ಹೋಗಬಹುದು.

ಮುಖಪುಟದಲ್ಲೇ ‘ಈ ತಿರುವನ್ನು ನೀವು ಊಹಿಸಲಾರಿರಿ’ ಎಂದು ಡಂಗುರ ಸಾರಿದ ಮೇಲೆ ಊಹಿಸುವುದನ್ನು ಬಿಟ್ಟು ಬೇರೇನು ಮಾಡಲಿ? ಮೊದಲ ಪುಟದಿಂದಲೇ ಗಂಡ, ನಾದಿನಿ, ಮನೋವೈದ್ಯ ಎಲ್ಲರ ಮೇಲೂ ಕಣ್ಣು. ಕೊನೆಗೆ ಕಥೆ ಹೇಳುತ್ತಿದ್ದವಳೇ ಕೊಲೆಗಾತಿ. ಸಸ್ಪೆನ್ಸ್ ಬೇಕಿದ್ದವರು 2023ರಲ್ಲಿ ಇಲ್ಲಿರಬೇಕಿತ್ತು. ಮಾರ್ಚಿನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಬಂತು. ಈ ಕಡೆ ಬೈಯಪ್ಪನಹಳ್ಳಿವರೆಗೆ ಇದ್ದೇ ಇತ್ತು. ನಡುವಿನ ಎರಡು ಕಿಲೋಮೀಟರ್ ಮಾತ್ರ ನಾಪತ್ತೆ. ಜನ ಇಳಿದು, ಬಸ್ ಹತ್ತಿ, ಮತ್ತೆ ಮೆಟ್ರೊ ಹತ್ತಿ, ಅಕ್ಟೋಬರಿನವರೆಗೆ ಉಗುರು ಕಚ್ಚಿಕೊಂಡು ಕಾದರು.

ಈಗಿನ ಪತ್ತೇದಾರನಿಗೆ ಬಾಲ್ಯದ ಗಾಯವೊಂದು ಬೇಕೇ ಬೇಕು. ಹಿಂದೆ ಕನ್ನಡದಲ್ಲಿ ಹಾಗಿರಲಿಲ್ಲ. ನಾಲ್ಕನೇ ಕ್ಲಾಸಿನ ಆಚೆ ಓದದ ಎನ್. ನರಸಿಂಹಯ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬಾಲ್ಯದ ಗಾಯ ಯಾವುದೆಂದು ಒಬ್ಬ ಓದುಗನೂ ವಿಚಾರಿಸಲಿಲ್ಲ. ಕೊಲೆಯಾಗಿದೆ, ಪತ್ತೆ ಮಾಡಪ್ಪ, ಅಷ್ಟೆ. ಗಾಯವೇ ಬೇಕೆಂದರೆ ಕಾದಂಬರಿಗಾರ್ತಿ ತ್ರಿವೇಣಿ ಇದ್ದಾರೆ. ‘ಶರಪಂಜರ’ದಲ್ಲಿ ಹೆಣವಿಲ್ಲ, ಚಾಕುವಿಲ್ಲ. ಹೆರಿಗೆಯ ನಂತರ ಮನಸ್ಸು ಕದಡಿ, ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರು ನೋಡುವ ನೋಟವೊಂದಿದೆ. ಈಗಿನ ‘ಸೈಕಲಾಜಿಕಲ್’ಗಳನ್ನೆಲ್ಲ ಸಾಲಾಗಿ ಇಟ್ಟರೂ ಅಷ್ಟು ಭಯ ಹುಟ್ಟುವುದಿಲ್ಲ. ಇದು ವ್ಯಂಗ್ಯವಲ್ಲ, ನಿಜವಾಗಿಯೇ ಹೇಳುತ್ತಿದ್ದೇನೆ.

2022ರಲ್ಲಿ ಬಂದ ‘ದಿ ಹೌಸ್‌ಮೇಡ್’ ಈಗ ಎಲ್ಲರ ಕೈಯಲ್ಲಿದೆ. ಅದರಲ್ಲಿ ಮನೆಕೆಲಸದವಳಿಗೆ ಅಟ್ಟದ ಕೋಣೆ, ಹೊರಗಿನಿಂದ ಬೀಗ. ಇಂದಿರಾನಗರದಲ್ಲಿ ಅವಳಿಗೆ ಬೀಗ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಎಂಟಕ್ಕೆ ಪಕ್ಕದ ಮನೆ ಪಾತ್ರೆ ಕಾಯುತ್ತಿರುತ್ತದೆ. ಯಾರ ಹಾಸಿಗೆ ಬೇರೆಯಾಗಿದೆ, ಯಾರ ಕಸದ ಬುಟ್ಟಿಯಲ್ಲಿ ಬಾಟಲಿಗಳಿವೆ, ಎಲ್ಲ ಬಲ್ಲವಳು ಅವಳು. ಮೊದಲ ಅಧ್ಯಾಯದಲ್ಲೇ ಅವಳನ್ನು ಬಾಯಿ ಬಿಡಿಸಿದರೆ ಕಾದಂಬರಿ ಎಂಟು ಪುಟಕ್ಕೆ ಮುಗಿಯುತ್ತದೆ. ಆ ಭಯಕ್ಕೇ ಲೇಖಕರು ಅವಳನ್ನು ಬಲಿಪಶು ಮಾಡುತ್ತಾರೆ, ಇಲ್ಲವೇ ಕೊಲೆಗಾತಿ ಮಾಡುತ್ತಾರೆ, ಸಾಕ್ಷಿ ಮಾಡುವುದಿಲ್ಲ. ನಿಜಕ್ಕೂ ಡ್ರಾಯಿಂಗ್ ರೂಮಿನಲ್ಲಿ ಹೆಣ ಬಿದ್ದಿದ್ದರೆ ಅವಳು ಚೀರುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಮೇಡಂ, ರಕ್ತ ಒರೆಸೋದು ಮಾತಲ್ಲಿ ಇರ್ಲಿಲ್ಲ, ಅದಕ್ಕೆ ಬೇರೆ ಆಗುತ್ತೆ’ ಅಂತಾಳೆ.