ಹಾಸನ ಸೀಮೆಯ ದೀರ್ಘಸರಣಿಗಳ ಗೋತ್ರನಿರ್ಣಯ

ಪೀಠಿಕೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಜನ ಬೆಳೆಯುವ, ಉಡುವ, ಕಟ್ಟುವ, ಸುಡುವ ಮತ್ತು ಚರಂಡಿಗೆ ಎಸೆಯುವ ಪದಾರ್ಥಗಳಲ್ಲಿ ಬಹುಪಾಲು ಪಾಲಿಮರ್‌ಗಳು. ಅಂದರೆ ಒಂದೇ ಬಗೆಯ ಕೊಂಡಿಗಳನ್ನು ನೂರಾರು ಸಾವಿರಾರು ಸಲ ಪೋಣಿಸಿದ ಉದ್ದನೆಯ ಸರಣಿಗಳು. ಕಸದ ಗಾಡಿಯವರು ಇವನ್ನು ಹಸಿ, ಒಣ ಎಂದು ಎರಡಾಗಿ ವಿಂಗಡಿಸುತ್ತಾರೆ. ಆಲೂಗಡ್ಡೆ ಸಿಪ್ಪೆ ಹಸಿ ಬುಟ್ಟಿಗೂ ಹತ್ತಿಬಟ್ಟೆಯ ಚಿಂದಿ ಒಣ ಬುಟ್ಟಿಗೂ ಬೀಳುವಾಗ ದಾಯಾದಿಗಳನ್ನು ಬೇರೆ ಮಾಡಿದೆವೆಂಬ ಅಳುಕು ಯಾರಿಗೂ ಇರುವುದಿಲ್ಲ. ಈ ಅನ್ಯಾಯ ಸರಿಪಡಿಸಲು, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವನ್ನೇ ಪ್ರಮಾಣವಾಗಿಟ್ಟುಕೊಂಡು, ಸ್ಥಳೀಯ ಸರಣಿಗಳ ಶಾಸ್ತ್ರೋಕ್ತ ವರ್ಗೀಕರಣಕ್ಕೆ ತೊಡಗಲಾಗಿದೆ.

ಪರಿಭಾಷಾ ಪ್ರಕರಣ

ಮೊದಲ ಸೂತ್ರ: *ಹಾರದ್ದು ತೂಗದು.*

ವ್ಯಾಖ್ಯಾನ: ಈ ಯಂತ್ರದಲ್ಲಿ ತಟ್ಟೆಯೂ ಇಲ್ಲ, ಬಟ್ಟೂ ಇಲ್ಲ. ಅಣು ನಿರ್ವಾತದಲ್ಲಿ ಹಾರಬೇಕು, ಮೈಮೇಲೆ ವಿದ್ಯುದಾವೇಶ ಹೊತ್ತಿರಬೇಕು. ಆಗ ಅದು ಎಷ್ಟು ಬೇಗ ಓಡಿತು, ಎಷ್ಟು ಬಾಗಿತು ಎಂಬುದರಿಂದ ತೂಕ ಹೊರಡುತ್ತದೆ. ೧೯೧೩ರಲ್ಲಿ ಜೆ.ಜೆ. ಥಾಮ್ಸನ್ ನಿಯಾನ್ ಅನಿಲದಲ್ಲಿ ೨೦ ಮತ್ತು ೨೨ ಎಂಬ ಎರಡು ತೂಕಗಳನ್ನು ಕಂಡರು. ೧೯೧೯ರಲ್ಲಿ ಫ್ರಾನ್ಸಿಸ್ ಆಸ್ಟನ್ ಯಂತ್ರವನ್ನು ಹದಗೊಳಿಸಿದರು. ಮರುವರ್ಷವೇ ಹರ್ಮನ್ ಸ್ಟೌಡಿಂಗರ್, ರಬ್ಬರು ಪಿಷ್ಟಗಳೆಲ್ಲ ನಿಜಕ್ಕೂ ಉದ್ದ ಸರಣಿಗಳೆಂದು ವಾದಿಸಿದರು. ಅಂದಿನ ಪಂಡಿತರು ಸುಲಭಕ್ಕೆ ಒಪ್ಪಲಿಲ್ಲ. ನೊಬೆಲ್ ಬಂದದ್ದು ೧೯೫೩ಕ್ಕೆ. ಯಂತ್ರವೂ ಸರಣಿಯೂ ಹೀಗೆ ಒಂದೇ ಕಾಲದಲ್ಲಿ ಹುಟ್ಟಿದರೂ ಬಹುಕಾಲ ಕೂಡಿ ಬಾಳಲಿಲ್ಲ. ಕಾಯಿಸಿದರೆ ಸರಣಿ ಆವಿಯಾಗುವ ಮೊದಲೇ ಮುರಿದು ಕರಿಕಾಗುತ್ತಿತ್ತು.

೧೯೬೮ರಲ್ಲಿ ಮಾಲ್ಕಮ್ ಡೋಲ್ ಪಾಲಿಸ್ಟೈರೀನ್ ದ್ರಾವಣವನ್ನು ವಿದ್ಯುತ್ತಿನ ಬಲದಿಂದ ತುಂತುರಾಗಿ ಚಿಮ್ಮಿಸಿ ನೋಡಿದರು. ೧೯೮೦ರ ದಶಕದಲ್ಲಿ ಜಾನ್ ಫೆನ್ ಆ ತುಂತುರನ್ನು ಪಳಗಿಸಿದರು. ಜಪಾನಿನ ಕೊಯಿಚಿ ತನಾಕಾ ಗ್ಲಿಸರಿನ್‌ಗೆ ಕೋಬಾಲ್ಟ್ ಪುಡಿ ಬೆರೆಸಿ ಲೇಸರ್ ಬೆಳಕು ಹಾಯಿಸಿ ದೊಡ್ಡ ಅಣುಗಳನ್ನು ಇಡಿಯಾಗಿ ಎಬ್ಬಿಸಿದರು. ೨೦೦೨ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಇಂದು ಹೆಚ್ಚು ಬಳಕೆಯಲ್ಲಿರುವ ಲೇಸರ್ ವಿಧಾನ ಕಾರಾಸ್ ಮತ್ತು ಹಿಲ್ಲೆನ್‌ಕಾಂಪ್ ಎಂಬ ಜರ್ಮನ್ ಜೋಡಿಯದು.

ಎರಡನೆಯ ಸೂತ್ರ: *ಕೊಂಡಿಯ ತೂಕ ಗೋತ್ರ, ತುದಿಗಳ ತೂಕ ಪ್ರವರ.*

ವ್ಯಾಖ್ಯಾನ: ಸರಣಿಯ ಕೊಂಡಿ ಡಾಲ್ಟನ್ ಎಂಬ ಅಣುತೂಕದ ಮಾನದಲ್ಲಿ ೪೪.೦೩ ತೂಗಿದರೆ, ಯಂತ್ರ ಬರೆಯುವ ಚಿತ್ರದಲ್ಲಿ ೪೪.೦೩ರ ಅಂತರಕ್ಕೊಂದರಂತೆ ಗೆರೆಗಳು ಏಳುತ್ತವೆ. ಅಂತರ ನೋಡಿದರೆ ಗೋತ್ರ ತಿಳಿಯಿತು. ಕೊಂಡಿಗಳನ್ನೆಲ್ಲ ಕಳೆದು ಉಳಿದದ್ದು ಎರಡು ತುದಿಗಳದು; ಜೊತೆಗೆ ಅಂಟಿಕೊಂಡ ಉಪ್ಪಿನದು. ತುದಿ ಕಂಡರೆ ಸರಣಿಯನ್ನು ಯಾವ ವಿಧಾನದಲ್ಲಿ ತಯಾರಿಸಿದರೆಂಬುದೂ ಹೊರಬೀಳುತ್ತದೆ.

ಪ್ರಥಮ ವರ್ಗ: ಉಪ್ಪು ಕೊಟ್ಟರೆ ಹಾರುವ ಸಾಧುಗಳು

ಇವು ಹಾಸನದ ಮೆಡಿಕಲ್ ಸ್ಟೋರ್‌ಗಳಲ್ಲಿ ವಾಸಿಸುತ್ತವೆ. ಮಲಬದ್ಧತೆಯ ಪುಡಿಯಲ್ಲೂ ಮುಲಾಮಿನಲ್ಲೂ ಇರುವ ಪಾಲಿಎಥಿಲೀನ್ ಗ್ಲೈಕಾಲ್ ಈ ವರ್ಗದ ಮುಖಂಡ. ಸ್ವಲ್ಪ ಸೋಡಿಯಂ ತೋರಿಸಿದರೆ ಸಾಕು, ಎದ್ದು ಹೊರಡುತ್ತದೆ. ಇಪ್ಪತ್ತು ಕೊಂಡಿಗಳ ಸರಣಿಯ ಲೆಕ್ಕ ಹೀಗೆ: ಕೊಂಡಿಗಳಿಂದ ೮೮೦.೫೨, ತುದಿಗಳಿಂದ ೧೮.೦೧, ಸೋಡಿಯಂನಿಂದ ೨೨.೯೯, ಒಟ್ಟು ೯೨೧.೫೨. ಯಂತ್ರವೂ ಅಷ್ಟೇ ಹೇಳುತ್ತದೆ. ಮದುವೆ ಮಂಟಪದ ಥರ್ಮೋಕೋಲ್, ಅಂದರೆ ಪಾಲಿಸ್ಟೈರೀನ್, ೧೦೪ರ ಗೋತ್ರದ್ದು. ಅದಕ್ಕೆ ಸೋಡಿಯಂ ರುಚಿಸದು, ಬೆಳ್ಳಿಯ ಲವಣವೇ ಆಗಬೇಕು. ಇಷ್ಟು ಠೀವಿ ಇದ್ದರೂ ರಾಜ್ಯ ಸರ್ಕಾರದ ೨೦೧೬ರ ಮಾರ್ಚ್ ಅಧಿಸೂಚನೆ ಅದರ ತಟ್ಟೆ ಲೋಟಗಳನ್ನು ನಿಷೇಧಿತರ ಪಟ್ಟಿಗೇ ಸೇರಿಸಿತು.

ದ್ವಿತೀಯ ವರ್ಗ: ಕತ್ತರಿಸಿದರೆ ಬರುವವು

ಹಾಸನದ ಆಲೂಗಡ್ಡೆ ಈ ವರ್ಗದ ಹಿರಿಯ. ಪಂಜಾಬಿನ ಜಲಂಧರದಿಂದ ಬಿತ್ತನೆಯಾಗಿ ಬಂದು, ಅಂಗಮಾರಿಯಿಂದ ತಪ್ಪಿಸಿಕೊಂಡು ಗೆಡ್ಡೆ ಕಟ್ಟುವ ಹೊತ್ತಿಗೆ ಅದರೊಳಗಿನ ಪಿಷ್ಟದ ಅಣುಗಳು ಕೋಟಿ ಡಾಲ್ಟನ್ ದಾಟಿ ಬೆಳೆದಿರುತ್ತವೆ. ಅಂಥ ಗಾತ್ರ ಇಡಿಯಾಗಿ ಹಾರದು. ಕಿಣ್ವದಿಂದ ತುಂಡು ಮಾಡಿದರೆ ತುಂಡುಗಳು ೧೬೨.೦೫ರ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ. ಹಾಸನದ ಹಿಮತ್‌ಸಿಂಗ್ಕಾ ಕಾರ್ಖಾನೆಯಿಂದ ಹಾಸಿಗೆಯ ಹೊದಿಕೆಯಾಗಿ ಹೊರಡುವ ಹತ್ತಿಯ ಸೆಲ್ಯುಲೋಸ್‌ನದೂ ಅದೇ ೧೬೨.೦೫.

ಪೂರ್ವಪಕ್ಷ: ಇಬ್ಬರೂ ಸಗೋತ್ರರಾದರೆ ಬೆಡ್‌ಶೀಟನ್ನು ಪಲ್ಯ ಮಾಡಬಾರದೇಕೆ?

ಸಮಾಧಾನ: ಕೊಂಡಿ ಒಂದೇ, ಕೂಡಿಸಿದ ಭಂಗಿ ಬೇರೆ. ಆಲೂಗಡ್ಡೆಯ ಬೆಸುಗೆಯನ್ನು ನಮ್ಮ ಎಂಜಲೇ ಬಿಡಿಸುತ್ತದೆ. ಹತ್ತಿಯದನ್ನು ಬಿಡಿಸುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಲ್ಲಿವೆ. ಗೋಡೆಯ ಪೋಸ್ಟರ್ ಕಿತ್ತು ತಿನ್ನುವ ಹಸು ಶಾಸ್ತ್ರಸಮ್ಮತವಾಗಿಯೇ ನಡೆದುಕೊಂಡಿದೆ. ಬರೀ ತೂಕ ನೋಡುವ ಯಂತ್ರಕ್ಕೆ ಭಂಗಿ ಕಾಣದು. ಯಾವ ಕಿಣ್ವ ಕತ್ತರಿಸಿತೆಂದು ಮೊದಲೇ ಗೊತ್ತಿದ್ದರೆ ಮಾತ್ರ ಗುಟ್ಟು ತಿಳಿಯುತ್ತದೆ.

೧೬೨ರ ವ್ಯಾಜ್ಯ

ಇಲ್ಲಿ ಅರಕಲಗೂಡು ತಾಲ್ಲೂಕು ತಕರಾರು ಎತ್ತುತ್ತದೆ. ರಾಮನಾಥಪುರದ ಹರಾಜು ಕಟ್ಟೆಗೆ ಬರುವ ಹೊಗೆಸೊಪ್ಪಿನ ನಿಕೋಟಿನ್ ಕೂಡ ೧೬೨ ತೂಗುತ್ತದೆ. ಅದು ಸರಣಿಯಲ್ಲ, ಒಂಟಿ ಅಣು. ಆದರೂ ತೂಕದ ಬಲದಿಂದ ಗೋತ್ರಕ್ಕೆ ಹಕ್ಕು ಕೇಳುತ್ತದೆ. ಸೊಪ್ಪಿನ ಸೆಲ್ಯುಲೋಸ್ ಸುಟ್ಟಾಗ ಹುಟ್ಟುವ ಲೆವೊಗ್ಲೂಕೋಸಾನ್ ಸಹ ೧೬೨. ಹೀಗೆ ಒಂದೇ ದಮ್ಮಿನ ಹೊಗೆಯಲ್ಲಿ ನಿಜವಾದ ಸಗೋತ್ರನೂ ನಕಲಿಯೂ ಜೊತೆಯಾಗಿ ಬರುತ್ತಾರೆ.

ತೀರ್ಪು ಇರುವುದು ದಶಮಾಂಶದಲ್ಲಿ. ಆರು ಕಾರ್ಬನ್, ಹತ್ತು ಹೈಡ್ರೋಜನ್, ಐದು ಆಕ್ಸಿಜನ್ ಕೂಡಿದರೆ ೧೬೨.೦೫೩. ಹತ್ತು ಕಾರ್ಬನ್, ಹದಿನಾಲ್ಕು ಹೈಡ್ರೋಜನ್, ಎರಡು ನೈಟ್ರೋಜನ್ ಕೂಡಿದರೆ ೧೬೨.೧೧೬. ವ್ಯತ್ಯಾಸ ೦.೦೬೩. ಅಂದರೆ ಸುಮಾರು ೨,೬೦೦ರಲ್ಲಿ ಒಂದು ಪಾಲನ್ನು ಬೇರೆ ಮಾಡಿ ನೋಡುವ ಯಂತ್ರಕ್ಕೆ ಇಬ್ಬರೂ ಬೇರೆ. ಪೂರ್ಣಾಂಕವಷ್ಟೇ ಓದುವ ಅಗ್ಗದ ಯಂತ್ರಕ್ಕೆ ಇಬ್ಬರೂ ಒಂದೇ. ಹಾಲಿನ ಪಾಕೀಟಿನ ಪಾಲಿಥೀನ್ ಕೊಂಡಿ ೨೮.೦೩, ಗಾಳಿಯ ನೈಟ್ರೋಜನ್ ೨೮.೦೧, ಒಲೆಹೊಗೆಯ ಕಾರ್ಬನ್ ಮಾನಾಕ್ಸೈಡ್ ೨೭.೯೯ ಎಂಬ ಇನ್ನೊಂದು ವ್ಯಾಜ್ಯವೂ ಹೀಗೆಯೇ ಇತ್ಯರ್ಥವಾಗುತ್ತದೆ.

ತೃತೀಯ ವರ್ಗ: ಸುಟ್ಟರೆ ಬಾಯಿಬಿಡುವವು

ಜನಸಂಖ್ಯೆಯಲ್ಲಿ ಇವೇ ದೊಡ್ಡವು: ಹಾಲಿನ ಪಾಕೀಟು, ಗೊಬ್ಬರದ ಚೀಲ, ಟಾರ್ಪಾಲು, ಬಸ್ಸಿನ ಟೈರು, ತೆಂಗಿನ ನಾರು. ಪಾಲಿಥೀನ್‌ಗೆ ಸೋಡಿಯಂ ಹಿಡಿದರೂ ಬೆಳ್ಳಿ ಹಿಡಿದರೂ ಅಂಟಿಕೊಳ್ಳಲು ಮೈಯಲ್ಲಿ ಜಾಗವಿಲ್ಲ. ಆದ್ದರಿಂದ ಯಂತ್ರದ ಬಾಯಲ್ಲೇ ಪುಟ್ಟ ಒಲೆಯಿಟ್ಟು, ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಲಿಯಂ ನಡುವೆ ಮುರಿಯುತ್ತಾರೆ. ಆಕ್ಸಿಜನ್ ಇಲ್ಲದ್ದರಿಂದ ಉರಿಯುವುದಿಲ್ಲ, ತುಂಡಾಗುತ್ತದೆ. ಪ್ರತಿಯೊಂದರ ತಪ್ಪೊಪ್ಪಿಗೆಯೂ ಬೇರೆ:

ಅ) *ಹಾಲಿನ ಪಾಕೀಟು:* ಎರಡೆರಡು ಹೈಡ್ರೋಜನ್‌ಗಳ ವ್ಯತ್ಯಾಸದ ತ್ರಿವಳಿ ತುಂಡುಗಳು, ಕಾರ್ಬನ್ ಒಂದೊಂದಾಗಿ ಏರಿದಂತೆಲ್ಲ ಮತ್ತೆ ಮತ್ತೆ.

ಆ) *ಗೊಬ್ಬರದ ಚೀಲ:* ಪಾಲಿಪ್ರೊಪಿಲೀನ್‌ನದಾದರೆ, ಒಂಬತ್ತು ಕಾರ್ಬನ್ನಿನ ಕವಲುಳ್ಳ, ೧೨೬ ತೂಗುವ ತುಂಡು.

ಇ) *ಟೈರು:* ಅದರೊಳಗಿನ ನೈಸರ್ಗಿಕ ರಬ್ಬರು ೬೮ರ ಐಸೊಪ್ರೀನ್ ಕೊಡುತ್ತದೆ, ಮತ್ತು ಎರಡು ಕೊಂಡಿ ಸೇರಿದ ೧೩೬ರ ಲಿಮೊನೀನ್. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವುದೂ ಅದೇ. ಸುಡುವ ಟೈರಿನ ಪಕ್ಕ ನಿಂತವರಾರೂ ಒಪ್ಪಲಾರರು.

ಈ) *ತೆಂಗಿನ ನಾರು:* ಚನ್ನರಾಯಪಟ್ಟಣದ ಹೆಮ್ಮೆ. ಲಿಗ್ನಿನ್ ಹೇರಳವಾಗಿರುವುದರಿಂದ ೧೨೪ರ ಗ್ವಾಯಕಾಲ್, ೧೫೪ರ ಸಿರಿಂಗಾಲ್. ಬಚ್ಚಲೊಲೆಗೆ ಮಟ್ಟೆ ತುರುಕಿ ನೀರು ಕಾಯಿಸಿದವರಿಗೆ ಈ ಅಣುಗಳ ಪರಿಚಯ ಮೂಗಿನ ಮೂಲಕ ಆಗಲೇ ಆಗಿದೆ.

ಚತುರ್ಥ ವರ್ಗ: ಸಂಕೀರ್ಣರು

ಹೊಳೆನರಸೀಪುರದ ಬಳಿ ಹರಿಯುವ ಹೇಮಾವತಿಯ ನೀರು ಮತ್ತು ಹಾಸನ, ಚನ್ನರಾಯಪಟ್ಟಣಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ ೭೫ರ ಡಾಂಬರು ಇದರ ಉದಾಹರಣೆಗಳು. ಕೊಳೆತ ಎಲೆ, ಮಣ್ಣು, ಪಾಚಿಗಳಿಂದ ಕರಗಿ ಬಂದ ವಸ್ತುವನ್ನು ಅತಿಸೂಕ್ಷ್ಮ ಯಂತ್ರಕ್ಕೆ ಕೊಟ್ಟರೆ ನದಿನೀರಿನಲ್ಲಿ ಸಾವಿರಾರು ಬೇರೆ ಬೇರೆ ಅಣುಸೂತ್ರಗಳು ಸಿಗುತ್ತವೆ. ಡಾಂಬರಿನ ತವರಾದ ಕಚ್ಚಾತೈಲದ ಬಳಗದಲ್ಲಿ ಹತ್ತಾರು ಸಾವಿರ. ಇಷ್ಟು ಗೆರೆಗಳ ನಡುವೆ ದಾರಿ ತೋರಿದವರು ಎಡ್ವರ್ಡ್ ಕೆಂಡ್ರಿಕ್. ೧೯೬೩ರಲ್ಲಿ ಅವರು ಒಂದು ಕಾರ್ಬನ್, ಎರಡು ಹೈಡ್ರೋಜನ್‌ಗಳ ತುಂಡಿನ ೧೪.೦೧೫೭ ತೂಕವನ್ನೇ ಸರಿಯಾಗಿ ೧೪ ಎಂದು ಹಿಡಿದು ಮಾನದಂಡ ಬದಲಿಸಿದರು. ಅಷ್ಟಕ್ಕೇ ಆ ತುಂಡು ಹೆಚ್ಚುತ್ತ ಹೋದ ಒಂದೊಂದು ಮನೆತನವೂ ತನ್ನದೇ ಅಡ್ಡಸಾಲಿನಲ್ಲಿ ಬಂದು ನಿಂತಿತು.

ಪಂಚಮ ವರ್ಗ: ಆಶ್ರಿತರು

ಸರಣಿಗಳಲ್ಲದ, ಆದರೆ ಸರಣಿಗಳ ಮನೆಯಲ್ಲೇ ಉಂಡು ಮಲಗುವ ಸಣ್ಣ ಅಣುಗಳು: ಮೆದುಗೊಳಿಸುವವು, ಬಿಸಿಲಿಗೆ ಹಾಳಾಗದಂತೆ ಕಾಯುವವು, ಬಣ್ಣಗಳು. ಯಜಮಾನ ಮೌನಿಯಾದರೂ ಇವು ವಾಚಾಳಿಗಳು. ಪಿವಿಸಿಯನ್ನು ಮೆದುಗೊಳಿಸುವ ಥಾಲೇಟ್‌ಗಳಲ್ಲಿ ಹೆಚ್ಚಿನವು ೧೪೯ ಎಂಬ ಒಂದೇ ತುಂಡು ಉದುರಿಸಿ ಸಿಕ್ಕಿಬೀಳುತ್ತವೆ. ಪ್ರಯೋಗಶಾಲೆಯ ನಳಿಕೆಗಳಿಂದಲೂ ಇವು ಸೋರುವುದರಿಂದ, ಸಿಕ್ಕ ೧೪೯ ನಮೂನೆಯದೋ ಪ್ರಯೋಗಶಾಲೆಯದೋ ಎಂಬುದು ಈ ವರ್ಗದ ಶಾಶ್ವತ ಸಂಶಯ.

ಸರಾಸರಿ ಖಂಡನೆ

ಪಾಲಿಮರಿನ ತೂಕ ಎಷ್ಟು ಎಂದು ಏಕವಚನದಲ್ಲಿ ಕೇಳುವವರಿಗೆ ಉತ್ತರ: ೧,೦೦೦ದ ಒಂದು ಸರಣಿ, ೯,೦೦೦ದ ಒಂದು ಸರಣಿ ಇವೆಯೆನ್ನಿ. ತಲೆ ಎಣಿಸಿದರೆ ಸರಾಸರಿ ೫,೦೦೦. ತೂಕಕ್ಕೆ ತಕ್ಕ ಮರ್ಯಾದೆ ಕೊಟ್ಟರೆ ೮,೨೦೦. ಎರಡರ ಅನುಪಾತ ೧.೬೪. ಇದು ಸುಮಾರು ೧.೨ ದಾಟಿದರೆ ಲೇಸರ್ ಯಂತ್ರ ಸಣ್ಣವರ ಪಕ್ಷ ವಹಿಸುತ್ತದೆ. ದೊಡ್ಡವು ಕಡಿಮೆ ಹಾರುತ್ತವೆ, ಹಾರಿದರೂ ಮಂಕಾಗಿ ಕಾಣುತ್ತವೆ. ಆಗ ಮೊದಲು ಗಾತ್ರದ ಪ್ರಕಾರ ಬೇರ್ಪಡಿಸಿ, ಆಮೇಲೆ ಒಂದೊಂದೇ ಪಾಲನ್ನು ತೂಗತಕ್ಕದ್ದು.

ನಿರ್ಣಯ

ಐದು ವರ್ಗಗಳಿಂದ ಫಲಿಸುವುದಿಷ್ಟು: ಯಂತ್ರದ ಮುಂದೆ ನೈಸರ್ಗಿಕ, ಕೃತಕ ಎಂಬ ಭೇದ ನಿಲ್ಲದು, ತೆಂಗಿನ ನಾರೂ ಹಾಲಿನ ಪಾಕೀಟೂ ಒಂದೇ ಪಂಕ್ತಿಯವು. ನಿಲ್ಲುವ ಭೇದ ಒಂದೇ: ಉಪ್ಪು ಕೊಟ್ಟು ಹಾರಿಸಿದ್ದು, ಕತ್ತರಿಸಿ ಹಾರಿಸಿದ್ದು, ಸುಟ್ಟು ಹಾರಿಸಿದ್ದು. ಅತಿ ಹೆಚ್ಚು ಇರುವುದೇ ಅತಿ ಕಡಿಮೆ ಹಾರುವುದೆಂಬುದು ಈ ಸೀಮೆಯ ವಿಶೇಷ.

೨೦೨೫ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು, ಹೋಟೆಲುಗಳಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದನ್ನು ಕಂಡರು. ಸರ್ಕಾರ ಅದನ್ನು ನಿಷೇಧಿಸಿತು. ಬಟ್ಟೆ ದ್ವಿತೀಯ ವರ್ಗ. ಹಾಳೆ ಪಾಲಿಥೀನಾದರೆ ತೃತೀಯ ವರ್ಗ, ಅದರಿಂದ ಇಡ್ಲಿಗೆ ಇಳಿಯಬಹುದಾದದ್ದು ಹೆಚ್ಚಾಗಿ ಪಂಚಮ ವರ್ಗ. ಪ್ರಥಮ ವರ್ಗದ ವಿಧಾನದಲ್ಲಿ ಹುಡುಕಿ ‘ಪಾಲಿಥೀನ್ ಪತ್ತೆಯಾಗಿಲ್ಲ’ ಎಂದು ಬರೆದರೆ, ಬರೆದದ್ದು ಸುಳ್ಳಲ್ಲ, ಹುಡುಕಿದ್ದು ತಪ್ಪು ಬಾಗಿಲಲ್ಲಿ. ಆದ್ದರಿಂದ ಹೊಳೆಯ ನೀರೇ ಇರಲಿ, ಹೋಟೆಲಿನ ಇಡ್ಲಿಯೇ ಇರಲಿ, ‘ಇಲ್ಲ’ ಎಂಬ ವರದಿ ಕೈಗೆ ಬಂದಾಗ ಕೇಳತಕ್ಕ ಪ್ರಶ್ನೆಗಳು ಮೂರು: ಯಾವ ಉಪ್ಪು ಕೊಟ್ಟಿರಿ? ಯಾವುದರಿಂದ ಕತ್ತರಿಸಿದಿರಿ? ಎಷ್ಟು ಡಿಗ್ರಿಗೆ ಕಾಯಿಸಿದಿರಿ? ಮೂರಕ್ಕೂ ಉತ್ತರ ಬರುವ ತನಕ ಸಹಿ ಹಾಕದಿರುವುದು ಶ್ರೇಯಸ್ಕರ.